ದಣಪೆ ತೆರೆದಿದ್ದರೂ ತೋಟ ಬೇರೆಯವರದ್ದೇ: ಪಾಸ್‌ವರ್ಡ್ ಇಲ್ಲದ ವೈಫೈ ಹಿಡಿಯುವ ಮುನ್ನ

ನನ್ನ ಅಂಗಡಿಯ ಮೆಟ್ಟಿಲ ಮೇಲೆ ಸಂಜೆ ಯಾರಾದರೂ ಮೊಬೈಲ್ ಹಿಡಿದು ಕೂತಿದ್ದರೆ, ಬಸ್ಸಿಗೆ ಕಾಯುತ್ತಿದ್ದಾರೋ ವೈಫೈ ಹಿಡಿಯುತ್ತಿದ್ದಾರೋ ಎಂದು ಒಳಗಿನಿಂದಲೇ ಹೇಳಬಲ್ಲೆ. ಬಸ್ಸಿಗೆ ಕಾಯುವವರು ಆಗಾಗ ತಲೆ ಎತ್ತುತ್ತಾರೆ.

ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪೇಟೆಯಲ್ಲಿ 2006ರಿಂದ ನನ್ನದೊಂದು ಸೈಬರ್ ಅಂಗಡಿ ಇದೆ. ಊರ ಹೆಸರು ಬೇಡ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಆಗ ಆರು ಕಂಪ್ಯೂಟರ್, ಗಂಟೆಗೆ ಇಪ್ಪತ್ತು ರೂಪಾಯಿ. ಈಗ ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಪ್ರಿಂಟು, ಮದುವೆ ಕಾಗದದ ಡಿಟಿಪಿ. ಬ್ರೌಸ್ ಮಾಡಲೆಂದೇ ಬರುವ ಗಿರಾಕಿ ನಿಂತು ಹತ್ತು ವರ್ಷವಾಯಿತು. ಅವರ ಬದಲು ಈಗ ಬರುವುದು ಪ್ರಶ್ನೆ: "ಅಕ್ಕಾ, ಪಕ್ಕದ ಮಹಡಿಯದ್ದು ಒಂದು ವೈಫೈ ಓಪನ್ ಇದೆ. ಕನೆಕ್ಟ್ ಮಾಡಿದರೆ ಏನಾದರೂ ಆಗ್ತದಾ?"

ಆಗುತ್ತದೆ ಎಂದರೆ ಪೂರ್ತಿ ನಿಜವಲ್ಲ, ಆಗುವುದಿಲ್ಲ ಎಂದರೆ ಅದೂ ನಿಜವಲ್ಲ. ನಾನು ವಕೀಲೆಯಲ್ಲ. ನನ್ನಲ್ಲಿ ದಾವೆ ಕಾಗದ ಟೈಪ್ ಮಾಡಿಸುವ ವಕೀಲರೊಬ್ಬರಿದ್ದಾರೆ. ಅವರನ್ನು ಕಾಡಿ ಕೇಳಿದ್ದು, ಕಾಯ್ದೆಯ ಪುಟಗಳನ್ನು ನಾನೇ ಪ್ರಿಂಟ್ ತೆಗೆದು ಓದಿದ್ದು, ಒಮ್ಮೆ ಪೊಲೀಸರ ಎದುರು ಕೂತು ಕಲಿತದ್ದು — ಇಷ್ಟನ್ನು ಬರೆಯುತ್ತೇನೆ. ನಿಮ್ಮ ಮೇಲೆ ನಿಜಕ್ಕೂ ಕೇಸು ಬಿದ್ದಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು ವಕೀಲರ ಮನೆಗೆ ಹೋಗಿ.

ಸೆಕ್ಷನ್‌ನಲ್ಲಿ ಪಾಸ್‌ವರ್ಡ್ ಎಂಬ ಮಾತೇ ಇಲ್ಲ

ನಮ್ಮಲ್ಲಿ ಇದಕ್ಕೆ ಅನ್ವಯಿಸುವುದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆ, ಎಲ್ಲರ ಬಾಯಲ್ಲಿ ಐಟಿ ಆಕ್ಟ್. ಅದರ 43ನೇ ಸೆಕ್ಷನ್ ಶುರುವಾಗುವುದೇ ಅನುಮತಿಯ ಮಾತಿನಿಂದ: ಒಡೆಯರ ಅಥವಾ ಉಸ್ತುವಾರಿ ನೋಡಿಕೊಳ್ಳುವವರ ಅನುಮತಿ ಇಲ್ಲದೆ ಕಂಪ್ಯೂಟರನ್ನೋ ಕಂಪ್ಯೂಟರ್ ನೆಟ್‌ವರ್ಕನ್ನೋ ಹೊಕ್ಕವರು, ಅದರಿಂದ ತೊಂದರೆಯಾದವರಿಗೆ ಪರಿಹಾರ ಕೊಡಬೇಕು. 2008ರಲ್ಲಿ ತಿದ್ದುಪಡಿಯಾಗಿ 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದಾಗ ನೆಟ್‌ವರ್ಕ್ ಎಂಬುದರ ಅರ್ಥದಲ್ಲಿ ತಂತಿಯಿಲ್ಲದ್ದನ್ನೂ ಹೆಸರಿಸಿ ಸೇರಿಸಿದರು. ಹಾಗಾಗಿ ವೈಫೈ ಇದರೊಳಗೆ ಬರುವುದಿಲ್ಲ ಎಂಬ ವಾದಕ್ಕೆ ಜಾಗವಿಲ್ಲ.

ಇಡೀ 43ನೇ ಸೆಕ್ಷನ್‌ನಲ್ಲಿ ಬೀಗದ ಮಾತಿಲ್ಲ, ಪಾಸ್‌ವರ್ಡಿನ ಮಾತೂ ಇಲ್ಲ. ಅಲ್ಲಿ ಕೇಳುವುದು ಅನುಮತಿ ಇತ್ತೇ ಎಂದು ಮಾತ್ರ. "ಬೀಗ ಹಾಕದೆ ಇದ್ದದ್ದು ಅವರ ತಪ್ಪಲ್ವಾ ಅಕ್ಕಾ?" ಎನ್ನುವ ಹುಡುಗರಿಗೆ ನಾನು ಹೇಳುವುದು ನಮ್ಮ ಕಡೆಯ ಲೆಕ್ಕ. ತೋಟದ ದಣಪೆ, ಅಂದರೆ ಬೇಲಿಯ ಬಾಗಿಲು, ತೆಗೆದೇ ಇದೆ ಎಂದು ಬಾಳೆಗೊನೆ ಕಡಿದುಕೊಂಡು ಹೋಗುತ್ತೀಯಾ? ಹಾಗೆಂದು, ಬಾಯಾರಿದವನು ತೋಟ ಹೊಕ್ಕು ಬಾವಿಯಿಂದ ಒಂದು ತಂಬಿಗೆ ನೀರು ಸೇದಿ ಕುಡಿದರೆ ಯಾರೂ ಕೋರ್ಟಿಗೆ ಎಳೆಯುವುದಿಲ್ಲ. ಅದೇ ಬಾವಿಗೆ ಪಂಪ್‌ಸೆಟ್ ಇಳಿಸಿದರೆ ಮಾತು ಬೇರೆ.

ಕಾಯ್ದೆಯೂ ಈ ತಂಬಿಗೆ ಮತ್ತು ಪಂಪ್‌ಸೆಟ್ಟಿನ ಭೇದ ಮಾಡುತ್ತದೆ. 43 ಸಿವಿಲ್ ವ್ಯವಹಾರ. ಪರಿಹಾರ ಕೇಳುವವರು ಹೋಗಬೇಕಾದದ್ದು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯ ಬಳಿ. ಅವರೇ ಇದಕ್ಕೆ ನ್ಯಾಯನಿರ್ಣಯ ಅಧಿಕಾರಿ, ಐದು ಕೋಟಿ ರೂಪಾಯಿವರೆಗಿನ ತಕರಾರು ಅವರ ವ್ಯಾಪ್ತಿಗೆ ಬರುತ್ತದೆ. ಮೊತ್ತ ಲೆಕ್ಕ ಹಾಕುವಾಗ ಹೊಕ್ಕವನಿಗೆ ಎಷ್ಟು ಲಾಭವಾಯಿತು, ಒಡೆಯನಿಗೆ ಎಷ್ಟು ನಷ್ಟವಾಯಿತು, ಮತ್ತೆ ಮತ್ತೆ ಮಾಡಿದ್ದೇ ಎಂದು ನೋಡಬೇಕೆಂದು 47ನೇ ಸೆಕ್ಷನ್ ಹೇಳುತ್ತದೆ. ಹತ್ತು ನಿಮಿಷ ವಾಟ್ಸಾಪ್ ನೋಡಿದ್ದಕ್ಕೆ ಘಟ್ಟದಿಂದ ಬೆಂಗಳೂರಿಗೆ ಹೋಗಿ ಅರ್ಜಿ ಹಾಕುವವರನ್ನು ನಾನಂತೂ ಕಂಡಿಲ್ಲ.

ಹೆದರಬೇಕಾದ್ದು 66ಕ್ಕೆ. 43ರಲ್ಲಿ ಹೇಳಿದ ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಇಲ್ಲವೇ ವಂಚಿಸುವ ಉದ್ದೇಶದಿಂದ ಮಾಡಿದರೆ ಅಪರಾಧ. ಮೂರು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗುವ ಅಪರಾಧ. ತನಿಖೆ ಇನ್ಸ್‌ಪೆಕ್ಟರ್ ದರ್ಜೆಯವರದ್ದು. ಅಪ್ರಾಮಾಣಿಕ ಎಂದರೆ ತನಗೆ ಅನ್ಯಾಯದ ಲಾಭ ಅಥವಾ ಇನ್ನೊಬ್ಬರಿಗೆ ಅನ್ಯಾಯದ ನಷ್ಟ ಮಾಡುವ ಉದ್ದೇಶ. "ಪಕ್ಕದ ಮನೆಯವರು ದುಡ್ಡು ಕೊಟ್ಟು ಹಾಕಿಸಿದ್ದರಲ್ಲಿ ನೀನು ತಿಂಗಳಾನುಗಟ್ಟಲೆ ಸಿನಿಮಾ ಇಳಿಸಿದರೆ ಅದು ಅನ್ಯಾಯದ ಲಾಭ ಅಲ್ಲ ಎಂದು ಯಾವ ಬಾಯಲ್ಲಿ ವಾದಿಸಲಿ?" ಎಂದರು ನಮ್ಮ ವಕೀಲರು. ಅದಕ್ಕೇ ಹೇಳಿದೆ, ಎರಡೂ ಉತ್ತರ ಪೂರ್ತಿ ನಿಜವಲ್ಲ ಎಂದು. ಒಂದು ಗಳಿಗೆಯ ಬಳಕೆಗೂ ಅಭ್ಯಾಸಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ಯಾರೂ ಎಳೆದು ತೋರಿಸಿಲ್ಲ. ಗೆರೆ ಕಾಣದ ಕಡೆ ಅದರ ಹತ್ತಿರ ಹೋಗದೆ ಇರುವುದೇ ಜಾಣತನ.

ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಎಳೆದರೆ 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ನೇರವಾಗಿ ಕಳವು ಎಂದೇ ಕರೆಯುತ್ತದೆ. ಐಟಿ ಆಕ್ಟ್ ಆ ಪದ ಬಳಸುವುದಿಲ್ಲ. "ಕಳ್ಳತನ ಅಲ್ವಲ್ಲ, ಹಾಗಾದರೆ ಸರಿ" ಎಂದು ಯಾರೂ ಕುಣಿಯುವುದು ಬೇಡ, ಶಿಕ್ಷೆಯ ವರ್ಷಗಳು ಎರಡರಲ್ಲೂ ಮೂರೇ.

ಅನುಮತಿ ಇದೆಯೇ, ಇಲ್ಲವೇ

ಮೂರು ರೀತಿಯಲ್ಲಿ ಗೊತ್ತಾಗುತ್ತದೆ: ಬೋರ್ಡು, ಲಾಗಿನ್ ಪುಟ, ಬಾಯಿಮಾತು. ಹೋಟೆಲಿನ ಗೋಡೆಯ ಮೇಲೆ ಪಾಸ್‌ವರ್ಡ್ ಬರೆದು ಅಂಟಿಸಿದ್ದರೆ ಅದು ಅನುಮತಿಯೇ, ಆದರೆ ಗಿರಾಕಿಗೆ. ಕಾಫಿ ಕುಡಿದು ಎದ್ದು, ಮರುದಿನದಿಂದ ರಸ್ತೆಯಾಚೆ ಸ್ಕೂಟರ್ ನಿಲ್ಲಿಸಿಕೊಂಡು ಅದೇ ಪಾಸ್‌ವರ್ಡಿನಲ್ಲಿ ಕ್ರಿಕೆಟ್ ನೋಡುವವರಿಗೆ ಕೊಟ್ಟದ್ದಲ್ಲ. ಲಾಡ್ಜಿನ ರೂಮು ಖಾಲಿ ಮಾಡಿದ ಹೊತ್ತಿಗೆ ಲಾಡ್ಜಿನ ವೈಫೈಯ ಅನುಮತಿಯೂ ಖಾಲಿ.

ರೈಲ್ವೆ ಸ್ಟೇಷನ್‌ನಲ್ಲಿ ರೈಲ್‌ವೈರ್ ಎಂಬ ಸಾರ್ವಜನಿಕ ವೈಫೈಗೆ ಬೀಗದ ಚಿಹ್ನೆ ಇರುವುದಿಲ್ಲ. ಕನೆಕ್ಟ್ ಮಾಡಿದ ಮೇಲೆ ಒಂದು ಪುಟ ಎದ್ದು ಮೊಬೈಲ್ ನಂಬರ್ ಕೇಳುತ್ತದೆ, ಓಟಿಪಿ ಬರುತ್ತದೆ. ಆ ಪುಟವೇ ಬಾಗಿಲಲ್ಲಿ ನಿಂತ ಒಡೆಯ. 2014ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಸರಕಾರ "ನಮ್ಮ ವೈಫೈ" ಎಂಬ ಸೇವೆ ಶುರು ಮಾಡಿದಾಗಲೂ ಇದೇ ಕ್ರಮ. ಓಟಿಪಿ ಯಾಕೆ ಎಂದು ಬೇಜಾರು ಪಡುವವರಿಗೆ ಅದರ ಹಿಂದಿನ ಕಥೆ ಮುಂದಿದೆ.

ಬಾಯಿಮಾತಿನ ಅನುಮತಿಯನ್ನು ಯಾರು ಕೊಟ್ಟರು ಎಂಬುದು ಮುಖ್ಯ. ಉಸ್ತುವಾರಿ ಎಂದು ಕಾಯ್ದೆಯೇ ಹೇಳಿರುವುದರಿಂದ ಅಂಗಡಿಯ ಯಜಮಾನರೇ ಆಗಬೇಕೆಂದಿಲ್ಲ, ಗಲ್ಲಾದ ಮೇಲೆ ಕೂತವರು ಹೇಳಿದರೂ ಸಾಕು. ಆದರೆ ಪಕ್ಕದ ಟೇಬಲ್ಲಿನವನು "ತಗಳಿ, ಪಾಸ್‌ವರ್ಡ್ ಇದು" ಎಂದರೆ ಅದು ಅನುಮತಿಯಲ್ಲ, ಅವನೂ ಸಿಕ್ಕಿಬೀಳುತ್ತಾನೆ: ಇನ್ನೊಬ್ಬರು ಅಕ್ರಮವಾಗಿ ಒಳಹೊಗಲು ನೆರವಾಗುವುದನ್ನೂ 43ನೇ ಸೆಕ್ಷನ್ ಅದೇ ಪಟ್ಟಿಗೆ ಸೇರಿಸಿದೆ. ಹಾಸ್ಟೆಲಿನ, ಆಫೀಸಿನ ಪಾಸ್‌ವರ್ಡನ್ನು ಗೆಳೆಯರಿಗೆ ಹಂಚುವವರು ಇದನ್ನು ಎರಡು ಸಲ ಓದಲಿ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ 66ಸಿ ಎಂಬ ಬೇರೆಯೇ ಸೆಕ್ಷನ್ ಇದೆ, ಅಲ್ಲೂ ಮೂರು ವರ್ಷ. ಪಾಸ್‌ವರ್ಡ್ ಒಡೆಯುವ ಆಪ್ ಹಾಕಿಕೊಳ್ಳುವವರಿಗೆ ನನ್ನಲ್ಲಿ ಹೇಳುವ ಮಾತೇನೂ ಇಲ್ಲ. ಅವರು ಬೇಲಿ ಹಾರುವವರು, ಇದು ದಣಪೆಯ ಹತ್ತಿರ ನಿಂತು ಯೋಚಿಸುವವರಿಗೆ.

ನೆಟ್‌ವರ್ಕಿನ ಹೆಸರೊಂದೇ ನೋಡಿ ಅನುಮತಿ ಎಂದುಕೊಳ್ಳಬೇಡಿ. "ಫ್ರೀ ವೈಫೈ" ಎಂದು ಹೆಸರಿಡಲು ಯಾರ ಅಪ್ಪಣೆಯೂ ಬೇಡ. ಜನ ಸೇರುವ ಕಡೆ ಇಂಥ ಹೆಸರಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಇಟ್ಟು, ಸುಳ್ಳು ಲಾಗಿನ್ ಪುಟ ತೋರಿಸಿ ಜಿಮೇಲ್ ಪಾಸ್‌ವರ್ಡ್ ಕದಿಯುವುದು ಹಳೇ ವಿದ್ಯೆ. ವೈಫೈ ಪುಟ ನಿಮ್ಮ ಮೊಬೈಲ್ ನಂಬರ್ ಕೇಳಬಹುದು. ಜಿಮೇಲ್ ಪಾಸ್‌ವರ್ಡ್, ಎಟಿಎಂ ಪಿನ್ ಕೇಳಿದರೆ ತಕ್ಷಣ ಎದ್ದು ಬನ್ನಿ.

ಕೇಳುವುದು

ನಾಚಿಕೆಯೇ ದೊಡ್ಡ ಅಡ್ಡಿ. ಮೆಟ್ಟಿಲ ಮೇಲೆ ಒಂದು ಗಂಟೆ ಕದ್ದು ಕೂರುವ ಹುಡುಗ ಒಳಗೆ ಬಂದು ಒಂದು ನಿಮಿಷ ಕೇಳಲಾರ. ಕೇಳಿದವರಿಗೆ ನಾನು ಇಲ್ಲವೆಂದ ನೆನಪಿಲ್ಲ. "ಅಕ್ಕಾ, ಸಿಇಟಿ ಅರ್ಜಿಗೆ ಫೋಟೋ ಅಪ್‌ಲೋಡ್ ಮಾಡ್ಬೇಕು, ನೆಟ್ ಬರ್ತಾ ಇಲ್ಲ, ಅರ್ಧ ತಾಸು ವೈಫೈ ಕೊಡ್ತೀರಾ" — ಯಾವ ಕೆಲಸ, ಎಷ್ಟು ಹೊತ್ತು, ಎರಡೂ ಹೇಳಿದ್ದಾನೆ. ಹೀಗೆ ಕೇಳಿದರೆ ಕೊಡುವವರಿಗೂ ಧೈರ್ಯ. ಪಕ್ಕದ ಮನೆಯವರಾದರೆ ಕೇಳಿ ಪಡೆದದ್ದನ್ನು ಒಂದು ವಾಟ್ಸಾಪ್ ಮೆಸೇಜಿನಲ್ಲಿ ಉಳಿಸಿಕೊಳ್ಳಿ: "ಅಂಕಲ್, ನೀವು ಹೇಳಿದ ಹಾಗೆ ನಾಡಿದ್ದಿನವರೆಗೆ ನಿಮ್ಮ ವೈಫೈ ಬಳಸ್ತೇನೆ, ಥ್ಯಾಂಕ್ಸ್." ಅವರು ಒಂದು ಹೆಬ್ಬೆರಳು ಕಳಿಸಿದರೂ ಅದು ನಿಮ್ಮ ಕೈಯಲ್ಲಿರುವ ಕಾಗದ.

ಗೊತ್ತಿಲ್ಲದೆ ಕನೆಕ್ಟ್ ಆಗಿದ್ದರೆ? ಮೊಬೈಲ್ ತಾನೇ ಹಳೇ ಹೆಸರು ಹುಡುಕಿ ಸೇರಿಕೊಳ್ಳುತ್ತದೆ. ಒಂದು ಮನೆಯ ರೂಟರಿನ ಹೆಸರೂ ಇನ್ನೊಂದರದ್ದೂ ಒಂದೇ ಆಗಿದ್ದು, ಎರಡಕ್ಕೂ ಪಾಸ್‌ವರ್ಡ್ ಇಲ್ಲದಿದ್ದರೆ ಅದಕ್ಕೆ ಭೇದ ಗೊತ್ತಾಗುವುದಿಲ್ಲ. ಉದ್ದೇಶವಿಲ್ಲದ್ದು ಅಪರಾಧವಲ್ಲ, ಆದರೆ ಕಂಡ ಮೇಲೂ ಮುಂದುವರಿಸಿದರೆ ಉದ್ದೇಶವೇ. ವೈಫೈ ಸೆಟ್ಟಿಂಗ್‌ಗೆ ಹೋಗಿ ಆ ಹೆಸರನ್ನು ಮರೆತುಬಿಡಲು ಮೊಬೈಲಿಗೆ ಹೇಳಿ. ಓಪನ್ ನೆಟ್‌ವರ್ಕಿಗೆ ತಾನಾಗಿ ಸೇರುವ ಆಯ್ಕೆ ಅಲ್ಲೇ ಎಲ್ಲಾದರೂ ಇರುತ್ತದೆ, ಆಫ್ ಮಾಡಿ.

ಓಪನ್ ಇಟ್ಟವರ ಕಥೆ, ಅಂದರೆ ನನ್ನದು

2012ರ ಮಳೆಗಾಲಕ್ಕೆ ಮೊದಲು ಅಂಗಡಿಗೆ ಒಂದು ವೈಫೈ ರೂಟರ್ ತಂದೆ. ಲ್ಯಾಪ್‌ಟಾಪ್ ತರುವ ಕಾಲೇಜು ಮೇಷ್ಟ್ರುಗಳು ಪ್ರತಿ ಸಲ ಪಾಸ್‌ವರ್ಡ್ ಕೇಳುತ್ತಿದ್ದರು. ಹೇಳಿ ಹೇಳಿ ಬೇಸತ್ತು ತೆಗೆದೇಬಿಟ್ಟೆ. ಅಷ್ಟೇ ನಾನು ಮಾಡಿದ ಘನಕಾರ್ಯ.

ಹಿಂದಿನ ವರ್ಷವಷ್ಟೇ, 2011ರ ಏಪ್ರಿಲ್‌ನಲ್ಲಿ, ಸೈಬರ್ ಕೆಫೆಗಳಿಗೆ ಕೇಂದ್ರದ ನಿಯಮ ಬಂದಿತ್ತು. ಗುರುತಿನ ಚೀಟಿ ನೋಡದೆ ಯಾರನ್ನೂ ಕೂರಿಸುವಂತಿಲ್ಲ, ಬಂದವರ ಹೆಸರು–ಹೊತ್ತು ಬರೆದ ರಿಜಿಸ್ಟರ್ ಒಂದು ವರ್ಷ ಇಡಬೇಕು, ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಬಡಗಿಯನ್ನು ಕರೆಸಿ ಪ್ಲೈವುಡ್ ಕೊಯ್ಸಿದ್ದೆ. ರಿಜಿಸ್ಟರನ್ನಂತೂ ದೇವರ ಲೆಕ್ಕದ ಪುಸ್ತಕದ ಹಾಗೆ ಬರೆಯುತ್ತಿದ್ದೆ. ಮುಂಬಾಗಿಲಿಗೆ ಇಷ್ಟೆಲ್ಲ ಕಾವಲು ಹಾಕಿ ಹಿತ್ತಲ ಬಾಗಿಲು ಹಾರು ಹೊಡೆದು ಇಟ್ಟಿದ್ದೇನೆ ಎಂದು ಹೊಳೆಯಲೇ ಇಲ್ಲ.

ಗಣೇಶ ಚೌತಿ ಕಳೆದ ಮೇಲೆ ಇಬ್ಬರು ಮಫ್ತಿಯಲ್ಲಿ ಬಂದರು. ಒಬ್ಬ ಕಾಲೇಜು ಹುಡುಗಿಯ ಫೋಟೋ ಹಾಕಿ ಯಾರೋ ಸುಳ್ಳು ಖಾತೆ ತೆರೆದು ಹೊಲಸು ಬರೆದಿದ್ದರು. "ಅಕ್ಕೋರೆ, ಈ ಐಪಿ ನಂಬರ್ ನಿಮ್ಮ ಅಂಗಡಿದೇ ಅಲ್ವಾ?" ನಾನು ಹೆಮ್ಮೆಯಿಂದ ರಿಜಿಸ್ಟರ್ ತೆಗೆದಿಟ್ಟೆ. ಅವರು ಹೇಳಿದ ದಿನದ ಪುಟದಲ್ಲಿ ಕೊನೆಯ ಹೆಸರು ಎಂಟೂ ಹತ್ತಕ್ಕೆ. ಖಾತೆ ತೆರೆದದ್ದು ರಾತ್ರಿ ಹತ್ತೂವರೆಗೆ. ಶಟರ್ ಎಳೆದಿತ್ತು, ಒಳಗೆ ಯುಪಿಎಸ್ ಮೇಲೆ ರೂಟರ್ ಉರಿಯುತ್ತಿತ್ತು, ಹೊರಗೆ ಮೆಟ್ಟಿಲ ಮೇಲೆ ಯಾರೋ ಕೂತಿದ್ದರು.

ಐಪಿ ನಂಬರ್ ಎಂದರೆ ನೆಟ್ ಕನೆಕ್ಷನ್ನಿನ ವಿಳಾಸ. ನೆಟ್ ಕೊಡುವ ಕಂಪನಿಯ ದಾಖಲೆಯಲ್ಲಿ ಇಂಥ ಹೊತ್ತಿಗೆ ಇಂಥ ನಂಬರ್ ಇಂಥ ಗಿರಾಕಿಗೆ ಕೊಟ್ಟಿತ್ತು ಎಂಬುದಿರುತ್ತದೆ. ಆ ಗಿರಾಕಿಯ ರೂಟರಿನ ಹಿಂದೆ ಎಷ್ಟು ಮೊಬೈಲ್ ಕೂತಿದ್ದವು ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ದಾರಿ ಬಂದು ನಿಲ್ಲುವುದು ನಿಮ್ಮ ಬಾಗಿಲಲ್ಲೇ. ನನ್ನ ಒಂದು ಕಂಪ್ಯೂಟರ್ ಮತ್ತು ರೂಟರ್ ಒಯ್ದರು, ಮೂರು ತಿಂಗಳು ಅವು ಅಲ್ಲೇ ಇದ್ದವು. ಕೊನೆಗೆ ಹುಡುಗ ಸಿಕ್ಕಿದ, ಅವನದೇ ಮೊಬೈಲ್ ನಂಬರ್ ಆ ಖಾತೆಗೆ ಜೋಡಿಸಿಕೊಂಡಿದ್ದ ಮೂರ್ಖ. ಆದರೆ ಆ ಮೂರು ತಿಂಗಳು ಪೇಟೆಯಲ್ಲಿ ನನ್ನ ಹೆಸರಿನ ಮುಂದೆ "ಆ ಕೇಸು" ಎಂಬ ಬಾಲ ಅಂಟಿತ್ತು. ಊರ ಹೆಸರು ಬೇಡ ಎಂದದ್ದು ಅದಕ್ಕೆ. ಆ ಹುಡುಗಿಗೆ ಈಗ ಎರಡು ಮಕ್ಕಳು.

ನನ್ನದು ಸಣ್ಣದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟವಾಗುವ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್‌ಗಳಿಗೆ ಹೊಣೆ ಹೊತ್ತ ಇ-ಮೇಲ್ ಬಂತು. ಜಾಡು ಹಿಡಿದರೆ ನವಿ ಮುಂಬೈಯಲ್ಲಿ ಬಾಡಿಗೆಗಿದ್ದ ಅಮೆರಿಕನ್ ಒಬ್ಬರ ಮನೆಯ ವೈಫೈ. ಅದಕ್ಕೆ ಬೀಗ ಇರಲಿಲ್ಲ. ಅವರಿಗೂ ಸ್ಫೋಟಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗುವವರೆಗೆ ವಿಚಾರಣೆಯ ಮೇಲೆ ವಿಚಾರಣೆ. ಆಗಸ್ಟಿನಲ್ಲಿ ಬಂದ ಇನ್ನೊಂದು ಮೇಲ್ ಮಾಟುಂಗಾದ ಕಾಲೇಜೊಂದರ ವೈಫೈಯಿಂದ. ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ್ದು ಚೆಂಬೂರಿನ ಒಂದು ಕಂಪನಿಯ ವೈಫೈಯಿಂದ. 2009ರ ಜನವರಿಯಲ್ಲಿ ಮುಂಬೈ ಪೊಲೀಸರು ಲ್ಯಾಪ್‌ಟಾಪ್ ಹಿಡಿದು ಬೀದಿ ಸುತ್ತಿ ಬೀಗವಿಲ್ಲದ ವೈಫೈ ಹುಡುಕತೊಡಗಿದರು. ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚನೆ ಕಳಿಸಿತು: ಸಾರ್ವಜನಿಕ ಜಾಗದಲ್ಲಿ ವೈಫೈ ಕೊಡುವಾಗ ಫೋಟೋ ಇರುವ ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳಿ, ಇಲ್ಲವೇ ಮೊಬೈಲಿಗೆ ಪಾಸ್‌ವರ್ಡ್ ಕಳಿಸಿ ಒಳಗೆ ಬಿಡಿ. ನಿಲ್ದಾಣದಲ್ಲಿ ನೀವು ಕಾಯುವ ಓಟಿಪಿಯ ಮೂಲ ಇದು.

ರೂಟರಿಗೆ ದಣಪೆ ಹಾಕುವುದು

ಫೈಬರ್ ಹಾಕಲು ಬಂದ ಹುಡುಗ ಹೋಗುವ ಮೊದಲೇ ಇದನ್ನು ಮಾಡಿಸಿಕೊಳ್ಳಿ, ಆಮೇಲೆ ಅವನು ಫೋನ್ ಎತ್ತುವುದಿಲ್ಲ. ರೂಟರಿನ ಅಡಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ: ಒಳಹೊಗುವ ವಿಳಾಸ, ಹೆಚ್ಚಾಗಿ 192.168.1.1, ಜೊತೆಗೆ ಯೂಸರ್ ನೇಮ್ ಮತ್ತು ಪಾಸ್‌ವರ್ಡ್. ಮೊಬೈಲ್ ಬ್ರೌಸರಿನಲ್ಲೇ ಆ ವಿಳಾಸ ಹಾಕಿದರೆ ರೂಟರಿನ ಪುಟ ತೆರೆಯುತ್ತದೆ. ಬದಲಾಯಿಸಬೇಕಾದ ಪಾಸ್‌ವರ್ಡ್ ಎರಡು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ವೈಫೈಗೆ ಸೇರಲು ಬೇಕಾದದ್ದು, ಇನ್ನೊಂದು ಈ ಪುಟಕ್ಕೇ ಹೊಗಲು ಬೇಕಾದದ್ದು. ಎರಡನೆಯದು ಅಡ್ಮಿನ್ ಎಂದೇ ಉಳಿದಿದ್ದರೆ ಒಮ್ಮೆ ಒಳಗೆ ಬಂದ ಅತಿಥಿ ಯಜಮಾನನೇ ಆಗಿಬಿಡಬಹುದು.

ಸೆಕ್ಯುರಿಟಿ ಎಂಬಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಇಪಿ ಎಂಬ ಹಳೆಯದು ಕಂಡರೆ ಅದು ಹುಲ್ಲು ಬೇಲಿ, ಬೇಡ. ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿಯೋ ಪಿನ್ ಹಾಕಿಯೋ ಸೇರಿಸುವ ಡಬ್ಲ್ಯುಪಿಎಸ್ ಎಂಬುದನ್ನು ಆಫ್ ಮಾಡಿ. ಪಾಸ್‌ವರ್ಡಿಗೆ ಕನಿಷ್ಠ ಎಂಟು ಅಕ್ಷರ ಬೇಕೆಂಬ ನಿಯಮ ಇರುವುದರಿಂದ ನಮ್ಮ ಪೇಟೆಯ ಅರ್ಧ ಮನೆಗಳ ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕೆ. ಉಳಿದ ಅರ್ಧ, ಯಜಮಾನರ ಮೊಬೈಲ್ ನಂಬರ್. ನಿಮ್ಮ ಅಜ್ಜಿ ಹೇಳುತ್ತಿದ್ದ ಯಾವುದಾದರೂ ಮೂರು ಪದ ಜೋಡಿಸಿ, ನಡುವೆ ಒಂದು ಅಂಕೆ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಳ್ಳಿಗನ್ನಡವನ್ನು ಊಹಿಸುವುದು ಕಷ್ಟ.

ಬಂದವರಿಗೆಲ್ಲ ಕೊಡಬೇಕಾಗುತ್ತದೆ ಎಂದಾದರೆ ಅದೇ ಪುಟದಲ್ಲಿ ಗೆಸ್ಟ್ ನೆಟ್‌ವರ್ಕ್ ಇರುತ್ತದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಮದುವೆ ಮನೆ ಮುಗಿದ ಮೇಲೆ ಅದನ್ನು ಮಾತ್ರ ಆಫ್ ಮಾಡಿದರಾಯಿತು. ಕನೆಕ್ಟ್ ಆದವರ ಪಟ್ಟಿಯೂ ಪುಟದಲ್ಲಿ ಕಾಣುತ್ತದೆ, ಆದರೆ ಅದನ್ನೇ ನಂಬಿ ಯಾರ ಮೇಲೂ ಬೆರಳು ತೋರಿಸಬೇಡಿ: ಆಂಡ್ರಾಯ್ಡ್ 10 ಮತ್ತು ಐಓಎಸ್ 14ರ ನಂತರದ ಮೊಬೈಲ್‌ಗಳು ತಮ್ಮ ನಿಜವಾದ ಗುರುತಿನ ಬದಲು ತಾವೇ ಕಟ್ಟಿದ ಒಂದು ನಂಬರ್ ತೋರಿಸುತ್ತವೆ. ಮತ್ತು ರಾತ್ರಿ ಮಲಗುವಾಗ ಸ್ವಿಚ್ ಆರಿಸಿ. ಇದಕ್ಕೆ ಯಾವ ಸೆಟ್ಟಿಂಗೂ ಬೇಡ.

ಹಂಚಲೇಬೇಕು ಎನ್ನುವವರಿಗೆ

2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ನಮ್ಮ ಸುತ್ತಿನ ಹಳ್ಳಿಯ ಮಕ್ಕಳು ಸಿಗ್ನಲ್ಲಿಗೆಂದು ಗುಡ್ಡ ಹತ್ತಿದರು, ಮಳೆಯಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದರು. ಪೇಟೆಗೆ ಬರಲು ಸಾಧ್ಯವಿದ್ದವರು ನನ್ನ ಮೆಟ್ಟಿಲಿಗೆ ಬಂದರು. 2012ನ್ನು ಉಂಡವಳು ನಾನು, ಆದರೂ ರಟ್ಟಿನ ಮೇಲೆ ಪಾಸ್‌ವರ್ಡ್ ಬರೆದು ಶಟರಿಗೆ ತೂಗುಹಾಕಿದೆ. ಕೆಳಗೆ ಒಂದು ಪುಸ್ತಕ, ಹೆಸರು–ಊರು–ಮೊಬೈಲ್ ನಂಬರ್ ಬರೆದು ಕೂರಿ ಎಂದು. ಎಲ್ಲರೂ ಬರೆದರು. ಒಬ್ಬ ಹುಡುಗಿ ಹೊತ್ತಿನ ಕಾಲಮ್ಮನ್ನು ತಾನೇ ಗೆರೆ ಎಳೆದು ಸೇರಿಸಿದಳು.

ಈಗ ಇದಕ್ಕೆ ಸರಿಯಾದ ದಾರಿಯೇ ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆ ಒಪ್ಪಿತು. ಇದರಲ್ಲಿ ಕಿರಾಣಿ ಅಂಗಡಿಯವರೂ ಪಿಡಿಓ ಆಗಬಹುದು. ಪಂಚಾಯತಿ ಪಿಡಿಓ ಅಲ್ಲ, ಪಬ್ಲಿಕ್ ಡೇಟಾ ಆಫೀಸ್. ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಕಾಲದ ಪಿಸಿಓದ ತಮ್ಮ ಎಂದುಕೊಳ್ಳಿ. ಲೈಸೆನ್ಸ್ ಬೇಡ, ಸರಕಾರಕ್ಕೆ ಫೀಸಿಲ್ಲ. ಪಿಡಿಓಎ ಎಂಬ ನೋಂದಾಯಿತ ಕಂಪನಿಯೊಂದರ ಜೊತೆ ಸೇರಿಕೊಳ್ಳಬೇಕು. ಗಿರಾಕಿಯ ಗುರುತು ನೋಡುವುದು, ಲೆಕ್ಕ ಇಡುವುದು ಅವರ ಮತ್ತು ಆಪಿನ ಕೆಲಸ. ನಾವು ನೆಟ್ ಕನೆಕ್ಷನ್ ಮತ್ತು ಅದಕ್ಕೆ ಹೊಂದುವ ರೂಟರ್ ಇಟ್ಟುಕೊಂಡು ಪುಟ್ಟ ಪುಟ್ಟ ಪ್ಯಾಕ್ ಮಾರಬಹುದು. ಶ್ರೀಮಂತರಾಗುತ್ತೇವೆ ಎಂದುಕೊಳ್ಳಬೇಡಿ, ನನಗೆ ತಿಂಗಳ ನೆಟ್ ಬಿಲ್ಲಿನ ಒಂದು ಪಾಲು ಹುಟ್ಟುತ್ತದೆ ಅಷ್ಟೇ. ಆದರೆ ಯಾರು ಯಾವಾಗ ಬಂದರು ಎಂಬ ಲೆಕ್ಕ ನನ್ನ ತಲೆ ಮೇಲಿಲ್ಲ. ಹೀಗಲ್ಲದೆ ಮನೆಯ ಪ್ಲ್ಯಾನನ್ನೇ ಅಕ್ಕಪಕ್ಕದವರಿಗೆ ದುಡ್ಡಿಗೆ ಹಂಚುವುದು ಮಾತ್ರ ಬೇಡ.

ವಿಮಾನ ಹತ್ತುವವರಿಗೆ ಎರಡು ಮಾತು

ಅಣ್ಣನ ಮಗ ಸಿಂಗಾಪುರಕ್ಕೆ ಓದಲು ಹೊರಟಾಗ ಉಪ್ಪಿನಕಾಯಿಯ ಜೊತೆ ಈ ಬುದ್ಧಿಯನ್ನೂ ಕಟ್ಟಿಕೊಟ್ಟಿದ್ದೆ. ಅಲ್ಲಿ 17 ವರ್ಷದ ಹುಡುಗನೊಬ್ಬ ನೆರೆಮನೆಯ ಬೀಗವಿಲ್ಲದ ವೈಫೈ ಬಳಸಿದ್ದಕ್ಕೆ 2007ರಲ್ಲಿ 18 ತಿಂಗಳು ನಿಗಾದಲ್ಲಿರಬೇಕೆಂದು ಕೋರ್ಟು ಹೇಳಿತು. ಇಂಗ್ಲೆಂಡಿನಲ್ಲಿ 2005ರಲ್ಲಿ ಇಂಥದ್ದೇ ಕೆಲಸಕ್ಕೆ ಒಬ್ಬರಿಗೆ 500 ಪೌಂಡ್ ದಂಡ ಬಿತ್ತು. ಅಮೆರಿಕದ ಮಿಶಿಗನ್‌ನಲ್ಲಿ 2007ರಲ್ಲಿ ಒಬ್ಬ ದಿನಾ ಕೆಫೆಯ ಹೊರಗೆ ಕಾರು ನಿಲ್ಲಿಸಿ ಮೇಲ್ ನೋಡುತ್ತಿದ್ದ. 400 ಡಾಲರ್ ದಂಡ, 40 ಗಂಟೆ ಸಮಾಜಸೇವೆ. ಕೆಫೆಯವರು ದೂರನ್ನೇ ಕೊಟ್ಟಿರಲಿಲ್ಲ. ಜರ್ಮನಿಯಲ್ಲಿ ಹೊರೆ ಇನ್ನೊಂದು ಕಡೆ ಬಿತ್ತು: 2010ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಬೀಗ ಹಾಕದೆ ಇಟ್ಟವರೇ ಬೇರೆಯವರ ಡೌನ್‌ಲೋಡಿಗೆ ಒಂದು ಮಟ್ಟಿಗೆ ಹೊಣೆ ಎಂದಿತು, 2017ರಲ್ಲಿ ಕಾನೂನು ತಿದ್ದಿ ಆ ಹೊರೆ ಇಳಿಸಿದರು.

ಪೊಲೀಸರು ಬಂದರೆ

ಮನೆಗೋ ಅಂಗಡಿಗೋ ಇಂಥ ವಿಚಾರಕ್ಕೆ ಬಂದರೆ ಮೊದಲ ಕೆಲಸ, ಏನನ್ನೂ ಅಳಿಸದಿರುವುದು. ಭಯಕ್ಕೆ ರೂಟರ್ ರಿಸೆಟ್ ಮಾಡಿದವರು ತಮ್ಮ ಪರವಾದ ಸಾಕ್ಷಿಯನ್ನೇ ಒರೆಸಿದಂತೆ. ಎರಡನೆಯದು, ಬರವಣಿಗೆಯಲ್ಲಿ ನೋಟಿಸ್ ಕೇಳಿ. ಈಗ ಹಳೇ ಸಿಆರ್‌ಪಿಸಿಯ ಬದಲು ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2024ರ ಜುಲೈ 1ರಿಂದ. ದಾಖಲೆ, ವಸ್ತು ಕೇಳುವ ನೋಟಿಸ್ 94ನೇ ಸೆಕ್ಷನ್‌ನದ್ದು. ಸಾಕ್ಷಿಯಾಗಿ ಕರೆಯುವುದು 179ರದ್ದು. ಆ 179ರಲ್ಲೇ ಇದೆ, ಹೆಂಗಸರನ್ನು, ಅರವತ್ತು ದಾಟಿದ ಗಂಡಸರನ್ನು, ಹದಿನೈದರ ಒಳಗಿನ ಹುಡುಗರನ್ನು ಸಾಕ್ಷಿ ಹೇಳಲು ಮನೆ ಬಿಟ್ಟು ಬೇರೆ ಕಡೆ ಬರಬೇಕೆಂದು ಒತ್ತಾಯಿಸುವಂತಿಲ್ಲ ಎಂದು. ಹಳೇ ಕಾಯ್ದೆಯ 160ರಲ್ಲೂ ಹೆಂಗಸರಿಗೆ ಈ ರಕ್ಷಣೆ ಇತ್ತು. ನನಗೆ ಗೊತ್ತಿರಲಿಲ್ಲ, ಮೂರು ಸಲ ಅಂಗಡಿ ಬಾಗಿಲು ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಕೂತು ಬಂದೆ. ನೀವೇ ಸಾಕ್ಷಿಯೋ ಆರೋಪಿಯೋ ಎಂದು ನೋಟಿಸಿನಲ್ಲಿ ನೋಡಿಕೊಳ್ಳಿ. 35(3) ಎಂದಿದ್ದರೆ ಆರೋಪದ ನೆರಳು ಬಿದ್ದಿದೆ, ವಕೀಲರನ್ನು ಕರೆದುಕೊಂಡೇ ಹೋಗಿ.

ನಿಮ್ಮ ವೈಫೈಯನ್ನು ಯಾರೋ ಕೆಟ್ಟದ್ದಕ್ಕೆ ಬಳಸಿದ್ದಾರೆ ಎಂದು ನಿಮಗೇ ಮೊದಲು ಗೊತ್ತಾದರೆ ಕಾಯಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ಬರೆದು ಸ್ವೀಕೃತಿಯ ಪ್ರಿಂಟ್ ಇಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ರೂಟರ್, ಕಂಪ್ಯೂಟರ್ ಒಯ್ಯುತ್ತೇವೆ ಎಂದರೆ ಕೊಡಿ, ಆದರೆ ಏನೇನು ಒಯ್ದರು ಎಂದು ವೈರಿನವರೆಗೆ ಬರೆದ ಜಪ್ತಿ ಪಟ್ಟಿಯ ಪ್ರತಿ ಕೈಗೆ ಬರುವವರೆಗೆ ಸಹಿ ಹಾಕಬೇಡಿ. ನಾನು ನೋಡದೆ ಸಹಿ ಹಾಕಿದೆ. ಕಂಪ್ಯೂಟರ್ ಬಂತು, ರೂಟರ್ ಬಂತು, ಮೌಸ್ ಮಾತ್ರ ಪಟ್ಟಿಯಲ್ಲೇ ಇರಲಿಲ್ಲವಂತೆ.